ಕೊನೆಯ ಹಾಡಿನಲ್ಲಿರುವ ಹೆಂಗಸು

ಗುರುವಾರ, ಮಧ್ಯಾಹ್ನ ಎರಡೂವರೆ
ಪ್ರಕಟಣೆ ಕೊಠಡಿಯಿಂದ

ಊರೂರು ಸುತ್ತುತ್ತಿರುವ ನನ್ನ ಗುಬ್ಬಿಗೆ,

ಆಶೀರ್ವಾದ ಮೊದಲು, ಜಗಳ ಆಮೇಲೆ. ಎರಡೂ ಈ ಒಂದೇ ಲಕೋಟೆಯಲ್ಲಿವೆ.

ಈ ಹೊತ್ತಿಗೆ ಮುಕ್ಕಾಲು ಗಂಟೆ ನಮ್ಮ ನಿಲ್ದಾಣಕ್ಕೆ ಯಾವ ರೈಲೂ ಇಲ್ಲ. ಶಾಲೆ ಬಿಟ್ಟವಳು ನೇರ ಇಲ್ಲಿಗೇ ಬಂದು, ಈ ಮೇಜಿನ ಕೆಳಗೆ ಚೀಲ ತಲೆಗಿಟ್ಟುಕೊಂಡು ನಿದ್ದೆ ಹೋಗುತ್ತಿದ್ದೆಯಲ್ಲ, ಆ ಹೊತ್ತು. ಮಹಡಿಯ ಮೇಲಿನ ಈ ಗಾಜಿನ ಕೊಠಡಿಯಲ್ಲಿ ಈಗಲೂ ಬಿಸಿಲು ಹಳದಿಯಾಗಿ ನಿಂತಿರುತ್ತದೆ. ಅದರಲ್ಲಿ ಧೂಳು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಕೆಳಗೆ ಪ್ಲಾಟ್‌ಫಾರಂ ಖಾಲಿ. ಮೂರನೇ ಕಂಬದ ಧ್ವನಿವರ್ಧಕದೊಳಗೆ ಪಾರಿವಾಳವೊಂದು ತನ್ನಷ್ಟಕ್ಕೆ ಗೊಣಗುತ್ತಿರುತ್ತದೆ. ಇಪ್ಪತ್ತಾರು ವರ್ಷ ಈ ಮೈಕಿನ ಮುಂದೆ ಕೂತು ನನಗೊಂದು ಅಭ್ಯಾಸವಾಗಿದೆ. ಮಾತು ಮುಗಿಸಿ ಒಂದು ಗಳಿಗೆ ಸುಮ್ಮನಿರುತ್ತೇನೆ. ನನ್ನ ದನಿ ಕೊನೆಯ ಪ್ಲಾಟ್‌ಫಾರಂವರೆಗೆ ತೇಲಿ ಹೋಗಿ, ಗೋದಾಮಿನ ಗೋಡೆಗೆ ತಾಗಿ, ಯಾರೋ ಬೇರೆ ಹೆಂಗಸಿನ ದನಿಯಾಗಿ ವಾಪಸು ಬರುತ್ತದೆ. ಅವಳು ನನಗಿಂತ ಸಮಾಧಾನದವಳು. ಅವಳಿಗೆ ಮನೆ, ಮಗಳು, ಸಿಟ್ಟು ಏನೂ ಇಲ್ಲ. ಅವಳನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಈಗ ಪತ್ರಿಕೆಗಳಲ್ಲೆಲ್ಲ ಅವಳದೇ ಮಾತು.

ನಿನ್ನ ಕಂಪನಿಯವರ ಒಪ್ಪಿಗೆ ಪತ್ರ ಬಂದು ಒಂಬತ್ತು ದಿನವಾಯಿತು. ಆಲ್ಬಂನ ಕೊನೆಯ ಹಾಡಿನಲ್ಲಿ ನನ್ನ ದನಿ ಬಳಸಿದ್ದಕ್ಕೆ ನನ್ನ ಸಹಿ ಬೇಕಂತೆ. ನಾಳೆಯೊಳಗೆ ಅಂಚೆಗೆ ಬೀಳದಿದ್ದರೆ ಎರಡನೇ ಮುದ್ರಣದಲ್ಲಿ ಆ ಹಾಡನ್ನೇ ಕೈಬಿಡಬೇಕಾಗುತ್ತದಂತೆ. ಮೊನ್ನೆ ಫೋನಿನಲ್ಲಿ ನೀನು, "ಒಂದು ಸಹಿ ಅಷ್ಟೇ ಅಲ್ವಾ ಅಮ್ಮ, ಯಾಕಿಷ್ಟು ಸತಾಯಿಸ್ತೀಯ" ಎಂದೆ. ಸಹಿಗೆ ನನ್ನ ತಕರಾರಿಲ್ಲ. ಅದರ ಮೇಲಿರುವ ಒಂದು ಸಾಲಿಗೆ ತಕರಾರು. ಅದಕ್ಕೆ ಬರುತ್ತೇನೆ, ತಾಳು.

ಮೊದಲು ಹೊಗಳಿಕೆ. ನಿನ್ನ ಬಗ್ಗೆ ಎಲ್ಲಿ ಏನು ಬಂದರೂ ಪಾರ್ಸೆಲ್ ಆಫೀಸಿನ ಅಕ್ಕ ಮುದ್ರಿಸಿಕೊಂಡು ತಂದುಕೊಡುತ್ತಾಳೆ. ಇದುವರೆಗೆ ಹನ್ನೊಂದು ವಿಮರ್ಶೆ ಸೇರಿವೆ. ಎಲ್ಲರಿಗೂ ಒಂದೇ ಭಯವಿದ್ದಂತೆ ಕಾಣುತ್ತದೆ. ಟೈರ್ ಅಂಗಡಿಯ ಮಹಡಿಯಲ್ಲಿ ತಾವೇ ಹಾಡಿ, ತಾವೇ ಧ್ವನಿಮುದ್ರಿಸಿ, ತಾವೇ ಆಲ್ಬಂಗೆ ಹೊದಿಕೆ ಅಂಟಿಸಿ ಮಾರುತ್ತಿದ್ದ ನಾಲ್ವರು ದೊಡ್ಡ ಕಂಪನಿಯ ಕೈಗೆ ಸಿಕ್ಕಿ ಹತ್ತರಲ್ಲಿ ಹನ್ನೊಂದನೆಯವರಾಗಿಬಿಡುತ್ತಾರೆ ಎಂದು. ಹಾಗಾಗಲಿಲ್ಲ ಎಂದು ನಿಮ್ಮನ್ನು ಹೊಗಳಿ ಅಟ್ಟಕ್ಕೇರಿಸಿದ್ದಾರೆ. ಕಿಟಕಿ ದೊಡ್ಡದಾಗಿದೆ, ಕೋಣೆ ಅದೇ ಇದೆ ಎಂದು ಒಬ್ಬ ಬರೆದಿದ್ದಾನೆ. ಅರೆನಿದ್ದೆಯಲ್ಲಿರುವವರ ಪಕ್ಕ ಕೂತು ಮಾತಾಡಿದ ಹಾಗಿದೆ ನಿನ್ನ ಹಾಡು ಎಂದು ಒಬ್ಬಾಕೆ. ನಿಮ್ಮ ಉದ್ದಕಾಲಿನ ಡ್ರಮ್ಮರನಿಗೂ ಒಂದು ಇಡೀ ಪ್ಯಾರಾ ಸಿಕ್ಕಿದೆ, ಅವನಿಗೆ ಹೇಳು.

ನಿನ್ನಪ್ಪ ಕನ್ನಡಕದ ಅಂಗಡಿಯಿಂದ ಭೂತಗನ್ನಡಿ ತಂದು ಒಂದೊಂದೇ ಸಾಲು ಓದಿದರು. "ಹೊಗಳಿದಾರೋ ಬೈದಿದಾರೋ ಒಂದೂ ಗೊತ್ತಾಗ್ತಿಲ್ಲ ಕಣೇ. ಮಂಜಿನಂಥ ಸಂಗೀತ ಅಂದ್ರೆ ಏನೂ ಕಾಣಲ್ಲ ಅಂತಲಾ?" ಎಂದರು. ಹೊಗಳಿಕೆಯೇ ಎಂದೆ. ಈಗ ಅಂಗಡಿಗೆ ಕಣ್ಣು ಪರೀಕ್ಷೆಗೆ ಬಂದವರಿಗೆಲ್ಲ ಅಕ್ಷರದ ಪಟ್ಟಿಯ ಬದಲು ಆ ಹಾಳೆಯನ್ನೇ ಹಿಡಿದು ಓದಿಸುತ್ತಿದ್ದಾರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಹನ್ನೊಂದರಲ್ಲಿ ಒಂಬತ್ತು ಜನ ಕೊನೆಯ ಹಾಡಿಗೇ ಬಂದು ನಿಲ್ಲುತ್ತಾರೆ. ವಾದ್ಯಗಳು ಒಂದೊಂದಾಗಿ ಅಡಗುತ್ತವೆ, ಎಲ್ಲೋ ದೂರದಲ್ಲಿ ಒಬ್ಬ ಹೆಂಗಸು, ಮೂರನೇ ಪ್ಲಾಟ್‌ಫಾರಂನ ರೈಲು ಹೊರಡಲು ಸಿದ್ಧವಾಗಿದೆ ಎನ್ನುತ್ತಾಳೆ. ಮೂರು ಸಲ ಎನ್ನುತ್ತಾಳೆ. ಅದು ಯಂತ್ರದ ದನಿ ಎಂದು ಯಾರೋ ಬರೆದದ್ದಕ್ಕೆ ನೀನು ಸಂದರ್ಶನ ಕೊಟ್ಟು ತಿದ್ದಿದೆ. ಅದು ನನ್ನ ಅಮ್ಮ, ನಾನು ಮನೆ ಬಿಟ್ಟ ಬೆಳಗಿನದು, ನಾನು ಅದೇ ರೈಲಿನಲ್ಲಿದ್ದದ್ದು ಅವಳಿಗೆ ಗೊತ್ತಿರಲಿಲ್ಲ, ಯಾವುದನ್ನೂ ಎರಡೇ ಸಲ ಹೇಳುವವಳು ಅವತ್ತೊಂದು ದಿನ ಎಣಿಕೆ ತಪ್ಪಿದಳು ಎಂದೆ. ಸರಿ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಬರವೇ. ಆ ತಪ್ಪೆಣಿಕೆಯೇ ಇಡೀ ಆಲ್ಬಂನ ಜೀವ ಎಂದ ಒಬ್ಬ. ಏನೂ ಅರಿಯದ ತಾಯಿಯ ಬೀಳ್ಕೊಡುಗೆ ಎಂದು ಇನ್ನೊಬ್ಬ ಕಣ್ಣೀರಿಟ್ಟ. ಈಗ ಒಪ್ಪಿಗೆ ಪತ್ರದಲ್ಲೂ ಅದೇ ಸಾಲು ಬಂದು ಕೂತಿದೆ: ಮಗಳು ಹೊರಟಿದ್ದನ್ನು ತಿಳಿಯದ ತಾಯಿಯ ದನಿ. ಅದನ್ನು ಹೊದಿಕೆಯ ಮೇಲೆ ಅಚ್ಚು ಹಾಕಿಸುತ್ತಾರಂತೆ, ನಾನು ಹೌದೆಂದು ಸಹಿ ಮಾಡಬೇಕಂತೆ.

ಗುಬ್ಬೀ, ನನಗೆ ಗೊತ್ತಿತ್ತು.

ಒಂಬತ್ತು ದಿನದಿಂದ ಈ ಎರಡು ಪದ ಬರೆಯಲಾಗದೆ ಕಾಗದ ಹರಿದು ಹಾಕುತ್ತಿದ್ದೇನೆ. ಬರೆದರೆ ನಿನ್ನ ಹಾಡಿಗೆ ಸಿಕ್ಕ ಹೊಗಳಿಕೆಯ ಬುಡಕ್ಕೇ ಕೊಡಲಿ ಹಾಕಿದಂತೆ. ಬರೆಯದಿದ್ದರೆ ಅಮ್ಮ ನೋಡಲಿಲ್ಲ ಎಂದುಕೊಂಡೇ ನೀನು ಮುದುಕಿಯಾಗುತ್ತೀಯ. ಎರಡರಲ್ಲಿ ಯಾವುದು ದೊಡ್ಡ ನಷ್ಟವೆಂದು ನನಗೆ ಈಗಲೂ ಸರಿಯಾಗಿ ತಿಳಿದಿಲ್ಲ.

ನೀನು ಮನೆ ಬಿಡುವ ಹಿಂದಿನ ಸಂಜೆ ನಾನು ಆಡಿದ್ದು ನಿನಗೆ ನೆನಪಿಲ್ಲದೆ ಇರುತ್ತದೆಯೇ. ಇದೇ ಕೊಠಡಿಯಲ್ಲಿ ನನ್ನ ಕೈಕೆಳಗೆ ತರಬೇತಿಗೆ ನಿನ್ನ ಹೆಸರು ಬರೆಸಿ ಬಂದಿದ್ದೆ. ನೀನು ಬೇಡವೆಂದೆ. "ಹಾಡಿ ಉದ್ಧಾರ ಆದವ್ರನ್ನ ನಾನು ನೋಡಿಲ್ಲ. ಈ ಮನೇಲಿ ಇರೋವರೆಗೂ ಆ ಕೀಬೋರ್ಡು ಮುಟ್ಟಬೇಡ" ಎಂದೆ ನಾನು. ಮಾತು ಆಡಿದರೆ ಹೋಯಿತು ಎಂಬುದು ಬೇರೆಯವರಿಗಿಂತ ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಬದುಕಿನಲ್ಲಿ ಒಂದು ಪ್ರಕಟಣೆಯನ್ನೂ ಹಿಂದಕ್ಕೆ ಪಡೆದವಳಲ್ಲ ನಾನು. ಅದೇ ಚಟ ಮನೆಗೂ ಬಂತು.

ಬೆಳಿಗ್ಗೆ ಮಂಜು ಮುಸುಕಿತ್ತು. ಎಂಟು ನಲವತ್ತರ ರೈಲಿನ ಹೊತ್ತಿಗೆ ಸ್ವಲ್ಪ ತೆಳುವಾಯಿತು. ಮೂರನೇ ಪ್ಲಾಟ್‌ಫಾರಂನಲ್ಲಿ ಮೊದಲು ನನಗೆ ಕಂಡದ್ದು ನೀನಲ್ಲ, ನನ್ನ ನೀಲಿ ಚೌಕುಳಿಯ ಹಾಸಿಗೆ ಹೊದಿಕೆ. ಕಪಾಟಿನಲ್ಲಿ ಮಡಿಸಿಟ್ಟ ಹೊಸದು. ಅದರಲ್ಲಿ ಉದ್ದಕ್ಕೆ ಏನನ್ನೋ ಸುತ್ತಿಕೊಂಡು ಯಾರೋ ನಡೆಯುತ್ತಿದ್ದಾರಲ್ಲ ಎಂದುಕೊಂಡೆ. ಆಮೇಲೆ ನಡಿಗೆ ಗುರುತಾಯಿತು. ನೀನು ಹತ್ತಿ ಕಿಟಕಿಯ ಪಕ್ಕ ಕೂತೆ. ಕೆಳಗಿಳಿದು ಓಡಿ ಬರಲು ಮೂವತ್ತೆರಡು ಮೆಟ್ಟಿಲು. ನಾನು ಏಳಲಿಲ್ಲ. ಸಿಟ್ಟು ಎಂದು ಆಗ ಅನ್ನಿಸಿತ್ತು. ಈಗ ಕೇಳಿದರೆ ಹೆದರಿಕೆ ಎನ್ನುತ್ತೇನೆ, ಬಂದರೂ ನೀನು ಇಳಿಯದೆ ಹೋದರೆ ಎಂದು.

ಮೈಕ್ ಕೈಯಲ್ಲಿತ್ತು. ಆದರೆ ಈ ಮೈಕಿನಲ್ಲಿ ರೈಲ್ವೆಯವರು ಕೊಟ್ಟ ಪ್ರಕಟಣೆ ಪುಸ್ತಕದಲ್ಲಿರುವ ವಾಕ್ಯ ಬಿಟ್ಟು ಬೇರೆ ಹೇಳುವಂತಿಲ್ಲ. ಹೋಗಬೇಡ ಎಂಬುದು ಆ ಪುಸ್ತಕದಲ್ಲಿಲ್ಲ. ಇದ್ದದ್ದನ್ನೇ ಎರಡು ಸಲ ಹೇಳಿದೆ. ನೀನು ತಲೆಯೆತ್ತಲಿಲ್ಲ. ಒಂದು ಸಲ ಮೇಲೆ ನೋಡಲಿ ಎಂದು ಮೂರನೆಯ ಸಲ ಹೇಳಿದೆ. ನಾನು ಎಣಿಕೆ ತಪ್ಪುವವಳಲ್ಲ ಮಗಳೇ. ಆಗ ನೀನು ಕೈಯೆತ್ತಿ ಮುಖಕ್ಕೆ ಅಡ್ಡ ಹಿಡಿದೆ.

ನಾಲ್ಕು ವರ್ಷ ಆ ಕೈಯನ್ನು ಕ್ಷಮಿಸಿರಲಿಲ್ಲ ನಾನು. ಅಮ್ಮನ ದನಿ ಕೇಳಿಯೂ ಮುಖ ಮುಚ್ಚಿಕೊಂಡಳಲ್ಲ ಎಂದು. ಫೋನಿನಲ್ಲಿ ಊಟ, ಹವೆ, ನೆಗಡಿ ಬಿಟ್ಟು ಬೇರೆ ಮಾತಿಗೆ ನಾನು ಬಾಯಿಬಿಡದೆ ಇದ್ದದ್ದು ಅದಕ್ಕೇ.

ಇನ್ನೊಂದು ತಪ್ಪೊಪ್ಪಿಗೆ. ಹನ್ನೊಂದು ವಿಮರ್ಶೆ ಓದಿದವಳು ಆಲ್ಬಂ ಕೇಳಿರಲಿಲ್ಲ. ಕೇಳಿದೆ, ಚೆನ್ನಾಗಿದೆ ಎಂದು ನಿನಗೆ ಹೇಳಿದ್ದೆಲ್ಲ ಓದಿ ಹೇಳಿದ್ದು. ನಿನ್ನೆ, ಇದೇ ಹೊತ್ತಿನಲ್ಲಿ, ಪಾರ್ಸೆಲ್ ಆಫೀಸಿನ ಅಕ್ಕ ತನ್ನ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿಯೇ ಬಿಟ್ಟಳು. ಆಮೇಲೆ ನಿಲ್ದಾಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಳಿಗಳು ನೀರಿನ ಹಾಗೆ ಮಿನುಗುತ್ತಿದ್ದವು, ಕೆಳಗೆ ಕಸ ಗುಡಿಸುವವಳು ಸದ್ದಿಲ್ಲದೆ ಗುಡಿಸುತ್ತಿದ್ದಳು, ನೀನು ನನ್ನ ಕಿವಿಯ ಪಕ್ಕದಲ್ಲೇ ಕೂತು ಹಾಡುತ್ತಿದ್ದೆ. ಎಷ್ಟು ಚೆನ್ನಾಗಿ ಹಾಡುತ್ತೀಯೇ ನೀನು. ಒಬ್ಬ ವಿಮರ್ಶಕನಿಗೂ ಅದನ್ನು ಹೀಗೆ ನೇರವಾಗಿ ಬರೆಯಲು ಬಂದಿಲ್ಲ.

ಕೊನೆಯ ಹಾಡು ಬಂತು. ಗೋದಾಮಿನ ಗೋಡೆಯಿಂದ ವಾಪಸು ಬರುವ ಆ ಹೆಂಗಸು ಮಾತಾಡಿದಳು. ಅವಳ ದನಿ ದೂರದಲ್ಲಿತ್ತು, ಹತ್ತಿರದಲ್ಲಿ ಬಟ್ಟೆಯ ತೋಳು ಕಿಟಕಿಗೆ ಉಜ್ಜುವ ಸದ್ದು. ಮೂರನೆಯ ಸಲಕ್ಕೆ ಅವಳ ದನಿ ಇದ್ದಕ್ಕಿದ್ದಂತೆ ಸ್ಪಷ್ಟವಾಯಿತು, ಯಾರೋ ಅವಳ ಕಡೆಗೆ ಏನನ್ನೋ ಎತ್ತಿ ಹಿಡಿದ ಹಾಗೆ. ಆಗ ತಿಳಿಯಿತು ನನಗೆ. ನೀನು ಮುಖ ಮುಚ್ಚಿಕೊಳ್ಳಲಿಲ್ಲ. ಆ ಕೈಯಲ್ಲಿ ರೆಕಾರ್ಡರ್ ಇತ್ತು. ನನ್ನ ದನಿಯನ್ನು ಜೊತೆಗೆ ಒಯ್ಯುತ್ತಿದ್ದೆ ನೀನು. ಹೆಡ್‌ಫೋನ್ ತೆಗೆಯಲಿಲ್ಲ, ಸುಮ್ಮನೆ ಅತ್ತೆ. ಮೂರೂಕಾಲರ ರೈಲಿನ ಪ್ರಕಟಣೆಯಲ್ಲಿ ಮೂಗು ಕಟ್ಟಿತ್ತು ಎಂದು ಸ್ಟೇಷನ್ ಮಾಸ್ತರರು ಶುಂಠಿ ಕಳಿಸಿದರು.

ಸಹಿ ಮಾಡಿದ್ದೇನೆ. ಆ ಒಂದು ಸಾಲನ್ನು ಮಾತ್ರ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದೇನೆ. ಕಂಪನಿಯವರು ಕುಣಿದಾಡಿದರೆ ಅಮ್ಮ ಹಟಮಾರಿ ಎಂದು ಹೇಳು, ಅದು ಸುಳ್ಳಲ್ಲ. ಪತ್ರಿಕೆಯವರಿಗೆ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಅವರು ತಪ್ಪಾಗಿಯೇ ಹೊಗಳಿಕೊಂಡಿರಲಿ, ನನಗೇನೂ ನಷ್ಟವಿಲ್ಲ. ನಿನಗೆ ಸರಿಯಾದದ್ದು ಗೊತ್ತಿದ್ದರೆ ಸಾಕು.

ಸುತ್ತಾಟ ಮುಗಿದ ಮೇಲೆ ಬಾ. ಯಾವ ರೈಲೆಂದು ಮೊದಲೇ ಹೇಳಬೇಡ. ನಾನೇ ಪ್ರಕಟಿಸುತ್ತೇನಲ್ಲ, ಗೊತ್ತಾಗುತ್ತದೆ.

ಇಂತಿ, ಎಣಿಕೆ ತಪ್ಪದ
ನಿನ್ನ ಅಮ್ಮ

ತಾ.ಕ.: ಇದನ್ನು ನಿನ್ನಪ್ಪನಿಗೂ ಹೇಳಿಲ್ಲ. ನೀನು ತಲೆಯೆತ್ತಲಿ ಎಂದು ಮೂರನೆಯ ಸಲ ಹೇಳಿದೆ ಎಂದೆನಲ್ಲ, ಅದು ಅರ್ಧ ನಿಜ. ನಮ್ಮಲ್ಲಿ ಪ್ರಕಟಣೆ ಮುಗಿಯದೆ ಗಾರ್ಡ್ ಸೀಟಿ ಊದುವುದಿಲ್ಲ. ನಾನು ಮಾತಾಡುತ್ತಿರುವಷ್ಟು ಹೊತ್ತು ನಿನ್ನ ರೈಲು ಹೊರಡುವಂತಿರಲಿಲ್ಲ. ಮೂರನೆಯದು ಮುಗಿದ ಮೇಲೆ, ಸೀಟಿಗೆ ಮೊದಲು, ಒಂದು ಉಸಿರು ಎಳೆದುಕೊಂಡ ಸದ್ದು ಇದೆ, ಮತ್ತೊಮ್ಮೆ ಕೇಳು. ಹನ್ನೊಂದು ಜನರಲ್ಲಿ ಒಬ್ಬರೂ ಅದರ ಬಗ್ಗೆ ಬರೆದಿಲ್ಲ. ಅದು ನಾಲ್ಕನೆಯದು ಕಣೇ. ಮಾತು ಬರಲಿಲ್ಲ.