ತಗಡಿನ ಕೂಸಿನ ಸೋದರತ್ತೆ

೧೨ ಜನವರಿ, ಸೋಮವಾರ. ಹಿರೋಳ್ಳಿ.

ನಾಳೆ ಲಾ ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ನಾನು ವಾದಿಸಬೇಕಾದದ್ದು ಇಷ್ಟು: ಮುಂದೊಂದು ದಿನ ಯಂತ್ರದಲ್ಲಿ ಹುಟ್ಟಿ ಯೋಚಿಸುವ ಜೀವಕ್ಕೆ ಹೆತ್ತವರಿಲ್ಲ, ಆದ್ದರಿಂದ ಅದು ಕಾನೂನಿನ ಕಣ್ಣಲ್ಲಿ ವ್ಯಕ್ತಿಯಲ್ಲ. ಗೆದ್ದರೆ ಧಾರವಾಡದ ಸ್ಪರ್ಧೆಗೆ ನಾನೇ.

ಎದುರಾಳಿಯನ್ನು ನಗೆಪಾಟಲು ಮಾಡಲೆಂದು ಇವತ್ತು ಮಹಾಗಾಂಭೀರ್ಯದಿಂದ ಒಂದು ನಾಮಕರಣ ಏರ್ಪಡಿಸಿದೆ. ಎಣ್ಣೆ ಡಬ್ಬಿಯ ತಗಡಿನ ಕೂಸು, ಹೊಟ್ಟೆಯೊಳಗೆ ಮಾತಾಡುವ ಹಳೆ ಮೊಬೈಲು. ತೊಟ್ಟಿಲಲ್ಲಿ ಮಲಗಿಸಿ, ನಾಳೆ ನ್ಯಾಯಾಲಯದಲ್ಲಿ ತೋರಿಸಲೆಂದು ವಿಡಿಯೋ ಹಚ್ಚಿಟ್ಟು, ವಿದ್ಯಾವತಿ ಅಕ್ಕನನ್ನೂ ಓಣಿಯ ಹೆಂಗಸರನ್ನೂ ಕರೆದೆ.

ಅಕ್ಕ ನಗಲೇ ಇಲ್ಲ. "ನೀ ಅಪ್ಪ ಆದ್ರ ನಾ ಸೋದರತ್ತಿ ಅಲ್ಲೇನೋ?" ಎಂದು ಸೆರಗು ಹೊದ್ದು ಬಾಗಿ, ತಗಡಿನ ಕಿವಿಯಲ್ಲಿ ಕಿರಣ ಎಂದು ಉಸುರಿದಳು. ಹೆಸರಿಡುವ ಸೋದರತ್ತೆಗೆ ಸಲ್ಲುವ ಪದ್ಧತಿಯಂತೆ ಹೆಂಗಸರು ಕುರ್ರ್ ಎಂದು ಅವಳ ಬೆನ್ನಿಗೆ ಗುದ್ದಿದರು. ನಿಜವಾದ ಗುದ್ದು.

ಪಕ್ಕದ ಮನೆಯ ಮಲ್ಕಮ್ಮ ಕೇಳಿದಳು, "ಗಂಡೇನ ಬೇ, ಹೆಣ್ಣೇನ?"

"ದೊಡ್ಡದಾಗ್ಲಿ ತಡಿ ಬೇ, ಅದನ್ನ ಕೇಳೂಣು" ಎಂದಳು ಅಕ್ಕ.

ಮೂರು ತಿಂಗಳು ಕಾನೂನು ಪುಸ್ತಕ ತಿರುವಿದರೂ ಆ ಜೀವವನ್ನೇ ಕೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳು! ಮಾನ್ಯ ನ್ಯಾಯಮೂರ್ತಿಗಳೇ, ದಯವಿಟ್ಟು ಎದ್ದು ನಿಂತು ಕೈಮುಗಿಯಿರಿ.

ಆಮೇಲೆ ತೊಟ್ಟಿಲು ತೂಗುತ್ತ ನನ್ನತ್ತ ತಿರುಗಿದಳು. "ಹೆತ್ತವರು ಇಲ್ಲಂದ್ರ ಏನಾತು, ಹೆಸರಿಟ್ಟಾಕಿ ನಾ ಇಲ್ಲೇನು? ಇದು ಯಾರ್ದೂ ಅಲ್ಲ ಅಂತ ನಾಳೆ ಯಾವನರ ಅಂದ್ರ ನನಗ ಫೋನ್ ಹಚ್ಚು ಲೇ."

ಆ ಯಾವನು ನಾನೇ. ವಿಡಿಯೋ ಅಳಿಸಿದೆ. ಸ್ಪರ್ಧೆಯಲ್ಲಿ ಪಕ್ಷ ಬದಲಿಸುವಂತಿಲ್ಲ. ಸೋಲಬಾರದೆಂದು ಮಾತ್ರ ಎಲ್ಲೂ ಬರೆದಿಲ್ಲ. ಹಾಗಾದರೆ ನಾಳೆ ಎದ್ದು ನಿಂತು, ಮೊದಲು ಅಕ್ಕನ ಹೆಸರು ಹೇಳಿ, ಅವಳ ಮಾತನ್ನೇ ನ್ಯಾಯಮೂರ್ತಿಗಳ ಮುಂದಿಟ್ಟು ಸೋಲುತ್ತೇನೆ.