ಮಂಚದಲ್ಲಿ ಉಳಿದ ಚಿಲಕ

೧೨-೧೧-೧೯೭೯, ಸೋಮವಾರ
ಸಂತೇಬೆನ್ನೂರು

ಹಳೇ ಮುಂಬಾಗಿಲು ಇವತ್ತು ಮಂಚವಾಯಿತು. ಏನನ್ನೂ ಹಾಳು ಮಾಡಬೇಡ ಅನ್ನುವ ಇಂಗ್ಲಿಷ್ ಗಾದೆ, ವೇಸ್ಟ್ ನಾಟ್... ಮುಂದಿನದು ಮರೆತೆ, ಕಾಲೇಜಿನಲ್ಲಿ ಬಾಯಿಪಾಠವಿತ್ತು. ತಲೆದೆಸೆಯ ಹಲಗೆಗೆ ಚಿಲಕ ಹಾಗೇ ಇದೆ. "ಕಿತ್ರೆ ಹಲಗೆ ಸೀಳ್ತೈತೆ ಯಜಮಾನ್ರೆ. ಇರ್ಲಿ ಬಿಡ್ರಿ, ಕೆಟ್ಟ ಕನಸು ಬಂದ್ರೆ ಹಾಕ್ಕಳಾಕೆ ಆಗ್ತೈತೆ" ಎಂದು ಬಡಗಿ ಬೆನಕಪ್ಪ ನಕ್ಕ. ನಾನೂ ನಕ್ಕೆ.

ಸರ್ವಮಂಗಳ ಬದುಕಿದ್ದಾಗ, ಸಾಸ್ವೆಹಳ್ಳಿಯ ತವರಿಂದ ಕೊನೇ ಬಸ್ಸಿಗೆ ಬರುವ ದಿನ ನಾನು ಈ ಚಿಲಕ ಹಾಕುತ್ತಿರಲಿಲ್ಲ. ಬಾಗಿಲು ಬಡಿಯಲು ಅವಳಿಗೆ ಸಂಕೋಚ. "ಅತ್ತೆ ಎದ್ದುಬಿಡ್ತಾರ್ರೀ" ಎನ್ನುತ್ತಿದ್ದಳು.

ಇವತ್ತು ರಾತ್ರಿ ಮಲಗಿದವನು ತಲೆಯೆತ್ತಿ ನೋಡಿದರೆ ಚಿಲಕ ಹಾಕಿತ್ತು. ಬೆನಕಪ್ಪನೇ ಹಾಕಿರಬೇಕು. ನಿದ್ದೆ ಹತ್ತಲಿಲ್ಲ. ಎದ್ದು ತೆಗೆದೆ. ಅವಳ ಜಾಗ ಬಿಟ್ಟು, ಗೋಡೆಯ ಕಡೆ ಸರಿದು ಕೂತು ಇದನ್ನು ಬರೆಯುತ್ತಿದ್ದೇನೆ. ಕೊನೇ ಬಸ್ಸು ಬಂದು ಆಗಲೇ ಬಹಳ ಹೊತ್ತಾಯಿತು. ಬಸ್ ಸ್ಟ್ಯಾಂಡಿನಿಂದ ಮನೆ ಅಷ್ಟೇನೂ ದೂರವಿಲ್ಲ, ಆದರೂ