ನಮ್ಮಿಬ್ಬರದೂ ಒಂದೇ ರಕ್ತ

ಆಸ್ಗರ್,

ದೋಣಿ ಹೊರಡುವ ಹೊತ್ತಾಯಿತು. ಎದ್ದ ಕೂಡಲೇ ಇದನ್ನು ಪೂರ್ತಿ ಓದು, ಮಡಚಿ ಜೇಬಿಗೆ ತುರುಕಬೇಡ.

ಹತ್ತು ಗಂಟೆಗೆ ಚಿಕಿತ್ಸಾಲಯಕ್ಕೆ ಹೋಗು. ನರ್ಸ್ ಬೋಡಿಲ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕೊಡುತ್ತಾಳೆ, ಅವಳ ಎದುರಿಗೇ ಕುಡಿ. ಅದು ಹೊಟ್ಟೆಯಲ್ಲಿದ್ದರೆ ಕುಡಿದ ಕೂಡಲೇ ವಾಂತಿ, ಹೆಂಡ ಮುಟ್ಟಲಾಗುವುದಿಲ್ಲ ಎಂದು ಗೊತ್ತಿದ್ದೇ ಸೋಮವಾರ ತಪ್ಪಿಸಿಕೊಂಡೆಯಲ್ಲ! ಬ್ರೆಡ್ಡು, ಹೆರಿಂಗ್ ಮೀನು ಫ್ರಿಜ್ಜಿನಲ್ಲಿವೆ. ತಿಂದುಕೊಂಡು ಹೋಗು.

ನಿನ್ನೆ ಏನಂದೆ? "ಅಪ್ಪ ಕುಡಿದೇ ಸತ್ತ, ಅಜ್ಜನೂ ಅಷ್ಟೇ. ರಕ್ತದಲ್ಲೇ ಇದೆ ಕಣೋ, ನಾನೇನ್ ಮಾಡ್ಲಿ?" ನಾಚಿಕೆಗೆಟ್ಟವನೇ, ಒಂದೇ ಅಂಡ ಎರಡಾಗಿ ಹುಟ್ಟಿದ ಅವಳಿಗಳು ನಾವು. ನಿನ್ನ ರಕ್ತದಲ್ಲಿರುವುದೆಲ್ಲ ನನ್ನದರಲ್ಲೂ ಇದೆ. ಬೋಡಿಲ್ ಇಬ್ಬರಿಗೂ ಹೇಳಿದ್ದಳು, "ಕುಡಿತದ ಚಟ ಸುಮಾರು ಅರ್ಧ ಹುಟ್ಟಿನಿಂದ ಬರುತ್ತೆ ಕಣ್ರೋ, ಅಷ್ಟಕ್ಕೇ ಹಣೆಬರಹ ಅಂತ ಕೂತ್ಕೋಬೇಡಿ." ನೀನು ಮೊದಲ ಮಾತಷ್ಟೇ ಕೇಳಿಸಿಕೊಂಡು ಎದ್ದು ಬಂದೆ.

ನಾನೇನೋ ಗಟ್ಟಿಗ ಎಂದುಕೊಳ್ಳಬೇಡ. ಶನಿವಾರ ನಮ್ಮ ಹುಟ್ಟುಹಬ್ಬಕ್ಕೆಂದು ದೋಣಿಯವರು ಕೈಗೆ ಬಿಯರ್ ಕೊಟ್ಟರು. "ಒಂದೇ ಗುಟುಕು ಮಾರಾಯ, ಸಾಯಲ್ಲ" ಎಂದರು. ತುಟಿಯವರೆಗೆ ತಂದೆ. ವಾಸನೆಗೇ ಬಾಯಲ್ಲಿ ನೀರೂರಿತು, ಕೆಳಗಿಡಲು ಕೈ ಬರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ ನೀನು ಕಣ್ಣ ಮುಂದೆ ಬಂದೆ. ಸಮುದ್ರಕ್ಕೆ ಸುರಿದುಬಿಟ್ಟೆ.

ಸಂಜೆ ಬಂದರಿಗೆ ಮರಳಿದಾಗ ಅವರು ಮತ್ತೆ ಬಾಟಲಿ ತೆರೆಯುತ್ತಾರೆ. ಅಷ್ಟರೊಳಗೆ ಬೋಡಿಲ್ ಫೋನ್ ಮಾಡಿ, ನೀನು ಬಂದಿದ್ದೆ ಎನ್ನಬೇಕು. ಬರಲಿಲ್ಲ ಎಂದರೆ, ಅವರು ಕೊಟ್ಟ ಬಿಯರನ್ನು ಇವತ್ತೂ ಬೇಡ ಎನ್ನುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಟ್ರೋಲ್ಸ್